ಹೊಗೆ ರೂಮು ಇರುವ ಬಾರು: ಊಟಕ್ಕೆ ನಾಲ್ಕು ಸ್ಟಾರ್, ಬಾಗಿಲಿಗೆ ಎರಡು

ಬೆಂಗಳೂರಿನ ರಾಜಾಜಿನಗರದ ಕಡೆ ಇರುವ ಒಂದು ಹಳೆಯ ಬಾರ್ ಅಂಡ್ ರೆಸ್ಟೋರೆಂಟ್ ಬಗ್ಗೆ ಇದು. ಹೆಸರು ಬೇಡ. ಹೆಸರು ಹಾಕಿದರೆ ಓನರ್ ಬೈಯುವುದು ಸಪ್ಲೈಯರ್‌ಗಳಿಗೆ. ಪಾಪ, ಅವರದೇನೂ ತಪ್ಪಿಲ್ಲ.

ನಾನು ಕುಡಿಯುತ್ತೇನೆ, ಸಿಗರೇಟು ಸೇದಲ್ಲ. ಬಾರಿಗೆ ಹೋಗಿ ಬಂದರೆ ಅಂಗಿ ಬಿಚ್ಚಿ ಬಾಲ್ಕನಿಯಲ್ಲಿ ನೇತುಹಾಕಿಯೇ ಒಳಗೆ ಬರಬೇಕು, ಇದು ನಮ್ಮನೆಯ ಕಾನೂನು. ಸರ್ಕಾರದ ಕಾನೂನೂ ಹೊಸದೇನಲ್ಲ. ಹೋಟೆಲು, ಬಾರು ಎಲ್ಲ ಸೇರಿ ಸಾರ್ವಜನಿಕ ಜಾಗಗಳಲ್ಲಿ ಸೇದಬಾರದು ಅಂತ 2008ರ ಅಕ್ಟೋಬರ್ 2ರಿಂದಲೇ ನಿಯಮ ಇದೆ. ಆದರೆ ಇಲ್ಲಿ ಗೋಡೆ ಮೇಲೆ ಬೋರ್ಡು, ಬೋರ್ಡಿನ ಕೆಳಗೇ ಆಶ್‌ಟ್ರೇ ಇರುತ್ತಿತ್ತು. ಆಗ ದಂಡ ಹೆಚ್ಚೆಂದರೆ 200 ರೂಪಾಯಿ. ಇಲ್ಲಿನ ಒಂದು ಪ್ಲೇಟ್ ಪೆಪ್ಪರ್ ಚಿಕನ್‌ಗೇ ಅದಕ್ಕಿಂತ ಜಾಸ್ತಿ. ಯಾರು ಹೆದರುತ್ತಿದ್ದರು? 2025ರ ಮೇ ಕೊನೆಗೆ ತಂಬಾಕು ಕಾನೂನಿಗೆ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದು ದಂಡ 1000 ರೂಪಾಯಿವರೆಗೆ ಏರಿತು. ಅದಾದ ಮೇಲೆಯೇ ಮೂಲೆಯ ಟೇಬಲ್‌ಗಳನ್ನು ತೆಗೆದು ಸೇದುವವರಿಗೆ ಅಂತ ಗಾಜಿನ ರೂಮು ಕಟ್ಟಿದರು.

ರೂಮು ಚೆನ್ನಾಗಿಯೇ ಇದೆ. ನೆಲದಿಂದ ಸೂರಿನವರೆಗೆ ಗೋಡೆ, ಗಾಳಿ ಹೊರಗೆ ತಳ್ಳುವ ಎಕ್ಸಾಸ್ಟ್ ಫ್ಯಾನು, ತಾನೇ ಮುಚ್ಚಿಕೊಳ್ಳುವ ಬಾಗಿಲು. ಕುರ್ಚಿ ಇಲ್ಲ. ಸಂಜೆ ಏಳರಿಂದ ಒಂಬತ್ತರವರೆಗೆ ಹಾಲ್‌ನಲ್ಲಿ ಕೂತರೆ ಸ್ವರ್ಗ. ಮೆಣಸು, ಕರಿಬೇವಿನ ವಾಸನೆ ತಟ್ಟೆ ಬರುವ ಮೊದಲೇ ಮೂಗಿಗೆ ಬರುತ್ತದೆ. ಇಷ್ಟು ವರ್ಷ ಇವರ ಅಡುಗೆಗೆ ವಾಸನೆ ಇದೆ ಅನ್ನೋದೇ ಗೊತ್ತಿರಲಿಲ್ಲ.

ಒಂಬತ್ತರ ಮೇಲೆ ಕತೆ ಬೇರೆ. ಯಾರೋ ಆ ರೂಮಿನ ಬಾಗಿಲು ಮುಚ್ಚದಂತೆ ಖಾಲಿ ಬಿಯರ್ ಕ್ರೇಟ್ ಅಡ್ಡ ಇಡುತ್ತಾರೆ, ಹೊಗೆಯೆಲ್ಲ ಹೊರಗೆ. ಟಾಯ್ಲೆಟ್‌ಗೆ ಹೋಗುವ ದಾರಿ ಸರಿಯಾಗಿ ಅದರ ಮುಂದೆಯೇ. ಬಿಯರ್ ಕುಡಿಯುವವನು ಎಷ್ಟು ಸಲ ಆ ದಾರಿ ತುಳಿಯಬೇಕು ಯೋಚಿಸಿ. ಒಳಗೆ ಏನೂ ಸಪ್ಲೈ ಮಾಡಬಾರದು ಅಂತಲೂ ನಿಯಮ ಇದೆ. ಆದರೂ ಸಪ್ಲೈಯರ್ ಗ್ಲಾಸು ಹಿಡಿದು ಒಳಗೆ ಹೋಗುತ್ತಾನೆ. ಯಾಕಪ್ಪಾ ಅಂತ ಕೇಳಿದೆ. "ಕೂಗ್ತಾರೆ ಸಾರ್, ಹೋಗ್ದಿದ್ರೆ ಟಿಪ್ಸ್ ಇಲ್ಲ" ಅಂದ. ನಾವು ಬಿಲ್ ಕೊಟ್ಟು ಎದ್ದು ಬರುತ್ತೇವೆ, ಅವನು ಬಾರು ಮುಚ್ಚುವವರೆಗೂ ಅಲ್ಲೇ.

ನಮ್ಮ ಗುಂಪಿನಲ್ಲಿ ಸೇದದವನು ನಾನೊಬ್ಬನೇ. ಅವರೆಲ್ಲ ಒಟ್ಟಿಗೆ ಎದ್ದು ಹೋದರೆ ಮೊಬೈಲು, ಹೆಲ್ಮೆಟ್ಟು ಕಾಯುವ ಕೆಲಸ ನನ್ನದು. ಕೂಲಿ, ಮಸಾಲ ಕಡ್ಲೆಬೀಜ. ಒಳ್ಳೊಳ್ಳೆ ಜೋಕೆಲ್ಲ ಆ ರೂಮಿನಲ್ಲೇ ಆಗುತ್ತವೆ. ಗಾಜಿನಾಚೆ ನಗುವುದು ಕಾಣುತ್ತದೆ, ಯಾಕೆ ಅಂತ ಗೊತ್ತಾಗಲ್ಲ. ವಾಪಸ್ ಬಂದು "ಬಿಡೋ, ಅಲ್ಲಿರಬೇಕಿತ್ತು" ಅಂತಾರೆ. ಒಬ್ಬನಿಗೆ ಮಾತ್ರ ನಿಂತು ಸೇದೋಕೆ ಸೋಮಾರಿತನ, ಅವನದು ತಾನಾಗಿಯೇ ಕಡಿಮೆಯಾಗಿದೆ. ಕೌಂಟರಿನಲ್ಲಿ ಲೂಸ್ ಸಿಗರೇಟ್ ಕೊಡಲ್ಲ, ಅದೂ ಅದೇ ತಿದ್ದುಪಡಿಯ ಫಲ. ಎರಡು ಸೇದುವವನೂ ಈಗ ಪ್ಯಾಕ್ ಕೊಳ್ಳಬೇಕು. ಜೇಬಿನಲ್ಲಿ ಪ್ಯಾಕ್ ಇದ್ದರೆ ಎರಡಕ್ಕೇ ನಿಲ್ಲುತ್ತಾನಾ? ನನಗೆ ಅನುಮಾನ.

ಇಂಥ ರೂಮು ಕಟ್ಟಬೇಕಾದರೆ ಬಾರಿನಲ್ಲಿ ಕನಿಷ್ಠ 30 ಸೀಟು ಇರಬೇಕು. ಪಕ್ಕದ ರಸ್ತೆಯ ಪುಟ್ಟ ಬಾರಿಗೆ ಆ ಭಾಗ್ಯ ಇಲ್ಲ. ಅಲ್ಲಿಯ ಗಿರಾಕಿಗಳು ಗ್ಲಾಸು ಬಿಟ್ಟು ಫುಟ್‌ಪಾತಿಗೆ ಬರುತ್ತಾರೆ. ಮಳೆ ಬಂದರೆ ಶಟರ್ ಕೆಳಗೆ ಒತ್ತೊತ್ತಾಗಿ ನಿಲ್ಲುತ್ತಾರೆ. ಅವರಲ್ಲಿ ಕೆಲವರನ್ನು ಈಗ ಇಲ್ಲೇ ನೋಡುತ್ತಿದ್ದೇನೆ. ದೊಡ್ಡ ಬಾರಿನವನಿಗೆ ಲಾಭ, ಚಿಕ್ಕವನಿಗೆ ಏಟು. ಇದು ನನಗೆ ಅಷ್ಟು ಸರಿ ಕಾಣಲ್ಲ. ಹಾಗಂತ ಟೇಬಲ್ ಮೇಲೆ ಆಶ್‌ಟ್ರೇ ವಾಪಸ್ ಬರಲಿ ಅಂತ ಹೇಳುವುದೂ ಇಲ್ಲ.

ಹೋಗುವವರು ರಸ್ತೆ ಕಡೆಯ ಕಿಟಕಿ ಪಕ್ಕದ ಟೇಬಲ್ ಕೇಳಿ, ಬೇಗ ಹೋಗಿ. ಗೋಬಿ ಬೇಡ, ಬರೀ ಹಿಟ್ಟು. ಪೆಪ್ಪರ್ ಚಿಕನ್ ಡ್ರೈ ಹೇಳಿ. ಪಾರ್ಕಿಂಗ್ ಇಲ್ಲ, ಆದರೆ ಕುಡಿಯೋಕೆ ಹೋಗುವವರಿಗೆ ಆಟೋನೇ ಸರಿ, ಅಲ್ವಾ?