ಬೆರಳು ಚುಚ್ಚಿ ನೋಡುವ ಸೀಲಿಯಾಕ್ ಕಾರ್ಡ್: ಕೊಳ್ಳುವ ಮುಂಚೆ ಓದಿ

ಹತ್ತು ನಿಮಿಷ ಅಂತ ಡಬ್ಬಿ ಮೇಲೆ ಬರೆದಿತ್ತು. ಮೊಬೈಲಲ್ಲಿ ಅಲಾರಂ ಇಟ್ಟು ಕೂತೆ. ಮಗಳು ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡು ನನ್ನನ್ನೇ ಗುರಾಯಿಸುತ್ತಿದ್ದಳು. ಒಂದೇ ಗೆರೆ ಬಂತು. ಅಂದರೆ ಗೋಧಿ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇಲ್ಲ. ಹೆಂಡತಿ ದೇವರಿಗೆ ದೀಪ ಹಚ್ಚಿದಳು, ನಾನು ಎಲ್ಲರಿಗೂ ಬೆಣ್ಣೆ ದೋಸೆ ಪಾರ್ಸೆಲ್ ತಂದೆ. ಆ ಗೆರೆ ನಂಬುವ ಹಾಗಿರಲಿಲ್ಲ ಅಂತ ಗೊತ್ತಾಗಿದ್ದು ಮೂರು ವಾರ ಆದಮೇಲೆ.

ಮಗಳಿಗೆ ಒಂಬತ್ತು ವರ್ಷ. ಹಿಮೋಗ್ಲೋಬಿನ್ 8 ದಾಟುತ್ತಿರಲಿಲ್ಲ. ಒಂದು ವರ್ಷ ಕಬ್ಬಿಣದ ಸಿರಪ್ ಕುಡಿಸಿದೆವು, ಹಲ್ಲು ಕಪ್ಪಾಯಿತೇ ಹೊರತು ರಕ್ತ ಏರಲಿಲ್ಲ. ಜಂತುಹುಳದ ಮಾತ್ರೆ ಆಯಿತು, ಖರ್ಜೂರ ಆಯಿತು, ದೃಷ್ಟಿ ತೆಗೆದಿದ್ದೂ ಆಯಿತು. ಹೊಟ್ಟೆ ಸದಾ ಉಬ್ಬಿರುತ್ತಿತ್ತು, ಕ್ಲಾಸಲ್ಲಿ ಎಲ್ಲರಿಗಿಂತ ಕುಳ್ಳಿ. ಇಲ್ಲೇ ದಾವಣಗೆರೆಯಲ್ಲಿ ಒಬ್ಬ ಡಾಕ್ಟರನ್ನು ಸೀಲಿಯಾಕ್ ಇರಬಹುದಾ ಅಂತ ಕೇಳಿದರೆ "ಅದು ಪಂಜಾಬ್ ಕಡೆಯವರಿಗೆ ಬರೋದು, ನಾವು ಮುದ್ದೆ ತಿನ್ನೋರು ಕಣ್ರೀ" ಅಂತ ನಕ್ಕರು. ಪೂರ್ತಿ ತಪ್ಪು ಅನ್ನಲಾರೆ. 2016ರಲ್ಲಿ ಬಂದ ಒಂದು ದೊಡ್ಡ ಸಮೀಕ್ಷೆ ಪ್ರಕಾರ ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಜಾಸ್ತಿ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು. ಆದರೆ ಸಾವಿರಕ್ಕೆ ಒಬ್ಬರು ಅಂದರೂ ನಮ್ಮಂಥ ಊರಲ್ಲೇ ನೂರಾರು ಜನ ಆಗುತ್ತಾರೆ, ಅಲ್ವಾ?

ದುರ್ಗದಲ್ಲಿರುವ ನಮ್ಮಕ್ಕ "ಸುಮ್ನೆ ಗೋಧಿ ಬಿಡಿಸಿ ನೋಡೋ" ಅಂದಳು. ಬಿಡಿಸಿದೆವು. ರೊಟ್ಟಿ, ಮುದ್ದೆ, ಅನ್ನ ಇರುವ ಮನೆಯಲ್ಲಿ ಅದೇನು ಕಷ್ಟ? ಎರಡು ತಿಂಗಳಲ್ಲಿ ಹೊಟ್ಟೆ ಉಬ್ಬರ ಇಳಿಯಿತು. ಖಾತ್ರಿ ಮಾಡಿಕೊಳ್ಳೋಣ ಅಂತ ಆಮೇಲೆ ಈ ಕಾರ್ಡ್ ತರಿಸಿದೆ. ತಪ್ಪಾಗಿದ್ದು ಅಲ್ಲೇ.

ಕಾರ್ಡ್ ಕೆಲಸ ಮಾಡುವ ರೀತಿ ಮಾತ್ರ ಚೆನ್ನಾಗಿದೆ. ಈ ಕಾಯಿಲೆ ಇದ್ದವರು ಗೋಧಿ, ಬಾರ್ಲಿ, ರೈ ಅನ್ನುವ ಧಾನ್ಯ ತಿಂದಾಗ ಅದರೊಳಗಿನ ಪ್ರೋಟೀನಾದ ಗ್ಲೂಟನ್‌ನಿಂದಾಗಿ ದೇಹ ತನ್ನ ಕರುಳಿನ ಮೇಲೆ ತಾನೇ ಯುದ್ಧಕ್ಕೆ ನಿಲ್ಲುತ್ತದೆ. ಕರುಳಿನ ಒಳಗಿನ ನವಿರಾದ ಎಳೆಗಳು ಸವೆದು ಹೋಗುತ್ತವೆ, ಅದಕ್ಕೇ ಎಷ್ಟು ಸಿರಪ್ ಕುಡಿದರೂ ಕಬ್ಬಿಣ ಮೈಗೆ ಹತ್ತುವುದಿಲ್ಲ. ಆ ಜಗಳದಲ್ಲಿ ಹುಟ್ಟುವ ಟಿಟಿಜಿ ಐಜಿಎ ಅನ್ನುವ ಪ್ರತಿಕಾಯವನ್ನು ಕಾರ್ಡ್ ಹುಡುಕುತ್ತದೆ. ಒಂದು ಹನಿ ರಕ್ತವನ್ನು ಪುಟ್ಟ ಟ್ಯೂಬಿನ ದ್ರವದಲ್ಲಿ ಕಲಸಿ ಕಾರ್ಡಿನ ಗುಂಡಿಗೆ ಮೂರು ಹನಿ ಬಿಟ್ಟರೆ ಆಯಿತು, ಬಸುರಿ ಪರೀಕ್ಷೆ ಪಟ್ಟಿ ಥರಾನೇ ಗೆರೆ ಮೂಡುತ್ತದೆ. ಆದರೆ ಗೋಧಿ ಬಿಟ್ಟರೆ ಪ್ರತಿಕಾಯ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ, ಆಗ ಕಾರ್ಡ್‌ಗೆ ಸಿಗುವುದಿಲ್ಲ. ಈ ಒಂದು ಮಾತು ಒಳಗಿನ ಚೀಟಿಯಲ್ಲಿ ಇತ್ತು, ಇಂಗ್ಲಿಷಿನಲ್ಲಿ, ಹಿಂಬದಿಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಡಬ್ಬಿ ಮುಂದೆ ದಪ್ಪಕ್ಕೆ ಹಾಕಿದ್ದು "10 ನಿಮಿಷ" ಮಾತ್ರ! ನಮ್ಮ ಕಡೆ ಎಷ್ಟೋ ಮನೆಯಲ್ಲಿ ಚಪಾತಿ ಮಾಡುವುದೇ ವಾರಕ್ಕೊಮ್ಮೆ. ಇಲ್ಲಿ ಮಾರುವವರು ಇದನ್ನೇ ಮೊದಲು ಹೇಳಬೇಕಿತ್ತು.

ಎರಡನೇ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಪರೀಕ್ಷೆ ಮಾಡಿದಾಗ ಮಗು ಗೋಧಿ ತಿಂತಿತ್ತಾ?" ಆರು ವಾರ ದಿನಾ ಎರಡು ಚಪಾತಿ ತಿನ್ನಿಸಿದೆವು. ಆ ಆರು ವಾರ ನೆನೆಸಿಕೊಳ್ಳೋದು ಬೇಡ. ಮತ್ತೆ ಕಾರ್ಡ್. ಈ ಸಲ ಎರಡನೇ ಗೆರೆ ಬಂತು, ಎಷ್ಟು ತೆಳು ಅಂದರೆ ಟ್ಯೂಬ್‌ಲೈಟಲ್ಲಿ ನನಗೆ ಕಾಣಲಿಲ್ಲ, ಹೆಂಡತಿಗೆ ಕಂಡಿತು, ಮಾಳಿಗೆ ಮೇಲೆ ಬಿಸಿಲಿಗೆ ಹಿಡಿದು ಇಬ್ಬರೂ ವಾದ ಮಾಡಿದೆವು. ಲ್ಯಾಬಿನ ರಕ್ತ ಪರೀಕ್ಷೆಯಲ್ಲಿ ಅಂಕಿ ಸಿಕ್ಕಿತು, ಮಿತಿಗಿಂತ ನಾಲ್ಕು ಪಟ್ಟು. ಮಕ್ಕಳಲ್ಲಿ 10 ಪಟ್ಟು ಅಥವಾ ಹೆಚ್ಚು ಇದ್ದು ಇನ್ನೊಂದು ರಕ್ತ ಪರೀಕ್ಷೆಯೂ ಹೌದು ಅಂದರೆ ಬಾಯಿಂದ ಕೊಳವೆ ಇಳಿಸಿ ಕರುಳು ನೋಡುವ ಎಂಡೋಸ್ಕೋಪಿ ಬಿಡಬಹುದು ಅಂತ ಯುರೋಪಿನ ಮಕ್ಕಳ ತಜ್ಞರ 2020ರ ಮಾರ್ಗಸೂಚಿ ಹೇಳುತ್ತದೆ. ನಮ್ಮದು ಅಷ್ಟಿರಲಿಲ್ಲ. ಎಂಡೋಸ್ಕೋಪಿ, ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿ ಎಲ್ಲ ಆಯಿತು. ಸೀಲಿಯಾಕೇ.

ಇನ್ನೊಂದು ವಿಷಯ. ಕೆಲವರಿಗೆ ಹುಟ್ಟಿನಿಂದಲೇ ಐಜಿಎ ಅನ್ನುವ ಬಗೆಯ ಪ್ರತಿಕಾಯವೇ ಇರುವುದಿಲ್ಲ, ಸೀಲಿಯಾಕ್ ಇರುವವರಲ್ಲಿ ಅಂಥವರು ನೂರಕ್ಕೆ ಇಬ್ಬರು ಮೂವರು. ಅವರಿಗೆ ಕಾಯಿಲೆ ಇದ್ದರೂ ಇಂಥ ಕಾರ್ಡ್ "ಇಲ್ಲ" ಅಂದುಬಿಡಬಹುದು. ಐಜಿಎ ಇದೆಯೋ ಇಲ್ಲವೋ ತೋರಿಸುವ ಗೆರೆ ಇರುವ ಕಾರ್ಡೇ ತಗೊಳ್ಳಿ.

ಕಾಯಿಲೆ ಗೊತ್ತಾದ ಮೇಲೆ ಈ ಕಾರ್ಡಿಂದ ಉಪಯೋಗ ಕಮ್ಮಿ. ಎಂಟು ತಿಂಗಳು ಪಥ್ಯ ಮಾಡಿದ ಮೇಲೂ ಎರಡನೇ ಗೆರೆ ಬಂತು. ಇಳಿಯುತ್ತಿದೆಯೋ ನಿಂತಿದೆಯೋ ಅಂತ ಗೆರೆ ನೋಡಿ ಹೇಳೋದು ಹೇಗೆ? ಲ್ಯಾಬಿನ ಅಂಕಿಯೇ ಬೇಕು. ಅಂಕಿಯೂ ಇಳಿದಿರಲಿಲ್ಲ. ಕೊನೆಗೆ ಕಳ್ಳ ಸಿಕ್ಕಿದ್ದು ಸಾರಿನ ಒಗ್ಗರಣೆಯಲ್ಲಿ. ಇಂಗಿನ ಡಬ್ಬಿ ಹಿಂದೆ ಓದಿದರೆ ಗೋಧಿ ಹಿಟ್ಟು ಬೆರೆಸಿದೆ ಅಂತ ಬರೆದಿತ್ತು! ಬೆಣ್ಣೆ ದೋಸೆ ಹಿಟ್ಟಿಗೆ ಅಕ್ಕಿ, ಉದ್ದು, ಮಂಡಕ್ಕಿ, ತಂಟೆ ಇಲ್ಲ ಅಂದುಕೊಂಡಿದ್ದೆ, ಹೋಟೆಲಲ್ಲಿ ನಿಂತು ನೋಡಿದರೆ ಅದೇ ಹೆಂಚಿನ ಮೇಲೆ ರವೆ ದೋಸೆ. ಮಿರ್ಚಿ ಬರೀ ಕಡಲೆಹಿಟ್ಟು, ಆದರೆ ಅದೇ ಎಣ್ಣೆಯಲ್ಲಿ ಪೂರಿ.

ಹೀಗೆ ಕದ್ದು ಒಳಗೆ ಬರುವ ಗೋಧಿ ಹಿಡಿಯಲು ಬೇಕಾದ ಸಾಮಾನು ಬೇರೆ. ನಿನ್ನೆ ಮೊನ್ನೆ ಗ್ಲೂಟನ್ ತಿಂದಿದ್ದರೆ ಅದರ ಚೂರು ಮೂತ್ರದಲ್ಲಿ ಸಿಗುತ್ತದೆ, ಅದನ್ನು ಹಿಡಿಯುವ ಪಟ್ಟಿ ಸ್ಪೇನಿನ ಕಂಪನಿಯೊಂದು ಮಾಡಿದೆ. ಪ್ಲೇಟಿನಲ್ಲಿರುವ ತಿಂಡಿಯನ್ನೇ ಪರೀಕ್ಷಿಸುವ ನಿಮಾ ಅನ್ನುವ ಪುಟ್ಟ ಯಂತ್ರ ಅಮೆರಿಕದಲ್ಲಿ ಬಂದಿತ್ತು. ನಮಗೆ ಬೇಕಿರುವುದು ಇಂಥವು, ಇಲ್ಲಿನ ಬೆಲೆಗೆ, ಕನ್ನಡದ ಚೀಟಿ ಸಮೇತ.

ಎರಡು ಸಾವಿರದ ಹತ್ತಿರ ಕೊಟ್ಟಿದ್ದಕ್ಕೆ ಮೂರು ಕಾರ್ಡ್ ಬಂದವು. ಐದಕ್ಕೆ ಮೂರು ಕೊಡುತ್ತೇನೆ. ಹೌದು ಅಂತ ಬಂದರೆ ಡಾಕ್ಟರ ಹತ್ತಿರ ಓಡಿ, ಇಲ್ಲ ಅಂತ ಬಂದರೆ ಸಿಹಿ ಹಂಚಬೇಡಿ. ಕಾಯಿಲೆ ಇದ್ದವರ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿಯರಿಗೂ ನೋಡಿಸಬೇಕಂತೆ. ನಂದು ಲ್ಯಾಬಲ್ಲೇ ಮಾಡಿಸಿದೆ, ಏನಿಲ್ಲ. ಎಂಟನೇ ತಿಂಗಳ ಕಾರ್ಡ್ ಬೇರೆ ಡಬ್ಬಿಯದು, ಹಾಗಾಗಿ ಮೊದಲ ಡಬ್ಬಿಯ ಮೂರನೆಯದು ಹೆಂಡತಿಗೆ ಅಂತ ಉಳಿದಿದೆ. ಸೂಜಿ ಅಂದರೆ ಅವಳಿಗೆ ಮಗಳಿಗಿಂತ ಭಯ, ಯುಗಾದಿ ಆಗಲಿ ಅಂದಳು, ಜಾತ್ರೆ ಆಗಲಿ ಅಂದಳು. ಫ್ರಿಜ್ ಮೇಲೆ ಕೂತಿದೆ, ಅವಧಿ ಮುಗಿಯಲು ಇನ್ನೂ ನಾಲ್ಕು ತಿಂಗಳಿದೆ.