ಹೊಲದಲ್ಲಿ ಸಿಕ್ಕ ವಿಗ್ರಹಕ್ಕೆ ಹುಣಸೆ ಹಣ್ಣು ಹಾಕಬೇಡಿ

ಇದನ್ನು ಬರೆಯಲು ಮನಸ್ಸು ಮಾಡೋಕೇ ಎರಡು ತಿಂಗಳು ಹಿಡಿಯಿತು. ಇಂಗ್ಲೆಂಡಿನಲ್ಲಿ ನನ್ನ ಹಾಗೆ ರಜೆಯ ದಿನ ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವ ಕನ್ನಡದವರು ಇದ್ದರೆ, ದಯವಿಟ್ಟು ಪೂರ್ತಿ ಓದಿ. ನಾನು ಕಳೆದುಕೊಂಡಿದ್ದನ್ನು ನೀವು ಕಳೆದುಕೊಳ್ಳಬೇಡಿ.

ನಾನಿರುವುದು ಸ್ವಿಂಡನ್‌ನಲ್ಲಿ. ಅಕ್ಟೋಬರ್‌ನಲ್ಲಿ ಊರಾಚೆ ಒಂದು ಉತ್ತ ಹೊಲಕ್ಕೆ ಹೋಗಿದ್ದೆ. ರೈತರ ಒಪ್ಪಿಗೆ ಇತ್ತು. ಏನಾದರೂ ಸಿಕ್ಕರೆ ಯಾರಿಗೆ ಎಷ್ಟು ಅಂತ ಮೊದಲೇ ಕಾಗದದಲ್ಲಿ ಬರೆದುಕೊಂಡಿದ್ದೆವು. ಮಧ್ಯಾಹ್ನದ ಹೊತ್ತಿಗೆ ಒಳ್ಳೆಯ ಸಿಗ್ನಲ್ ಬಂತು. ಒಂದು ಗೇಣು ಅಗೆದೆ. ಮಣ್ಣಿನ ಹೆಂಟೆಯ ಒಳಗಿಂದ ಆರು ಸೆಂಟಿಮೀಟರಿನ ಒಬ್ಬ ಪುಟ್ಟ ಮನುಷ್ಯ ಹೊರಗೆ ಬಂದ.

ಮೈಯೆಲ್ಲಾ ಕಡು ಹಸಿರು, ಅಲ್ಲಲ್ಲಿ ಕಪ್ಪು. ತಲೆಯ ಮೇಲೆ ಟೋಪಿ, ಟೋಪಿಯ ಎರಡೂ ಬದಿಗೆ ಸಣ್ಣ ಉಬ್ಬು. ಎಡಭುಜದ ಮೇಲೆ ಒಂದು ವಸ್ತ್ರ. ಬಲಗೈಯಲ್ಲಿ ಚೀಲ. ಎಡಗೈ ಮುಂಗೈಯಿಂದ ಆಚೆಗೆ ಮುರಿದಿತ್ತು. ಆ ಹಸಿರಿನಲ್ಲೇ ಕಣ್ಣಿನ ಗೆರೆ, ತುಟಿಯ ಅಂಚು, ಹಣೆಯ ಮೇಲಿನ ಗುಂಗುರು ಕೂದಲು ಎಲ್ಲ ಕಾಣುತ್ತಿತ್ತು. ಕೈ ನಡುಗಿತು. ಜೇಬಿಗೆ ಹಾಕಿಕೊಂಡು ನೇರ ಮನೆಗೆ ಬಂದೆ. ಸಿಕ್ಕ ಜಾಗ ಯಾವುದು, ಎಷ್ಟು ಆಳ ಅಂತ ಬರೆದುಕೊಳ್ಳಲಿಲ್ಲ. ಒಂದು ವಾರ ಬಿಟ್ಟು ಹೋಗಿ ನೋಡಿದಾಗ ಹೊಲ ಹದ ಮಾಡಿ ಬಿತ್ತಿದ್ದರು. ನಾನು ತೋಡಿದ ಗುಂಡಿ ಎಲ್ಲಿತ್ತು ಅಂತಲೂ ಗುರುತು ಸಿಗಲಿಲ್ಲ.

ಅವತ್ತು ರಾತ್ರಿ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. 'ಯಾವುದೋ ದೇವರ ಹಾಗಿದೆ ಕಣೋ. ಹಾಗೆ ಮಣ್ಣಲ್ಲಿ ಇಡಬೇಡ, ಹುಣಸೆ ಹಣ್ಣು ಹಾಕಿ ತೊಳೆದಿಡು' ಅಂದರು. ಅಮ್ಮನದ್ದು ತಪ್ಪಲ್ಲ. ನಮ್ಮನೆಯಲ್ಲಿ ಹಬ್ಬದ ಹಿಂದಿನ ದಿನ ದೀಪ, ಗಂಟೆ, ತಂಬಿಗೆ ಎಲ್ಲ ಹಾಗೇ ಬೆಳಗುವುದು. ದಿನಾ ಬಳಸುವ ಹಿತ್ತಾಳೆಗೆ ಅದು ಸರಿ. ಮಣ್ಣಿನಲ್ಲಿ ನೂರಾರು ವರ್ಷ ಇದ್ದ ಕಂಚಿಗೆ ಅದು ವಿಷ ಅಂತ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ನೆಲ್ಲಿಕಾಯಿ ಗಾತ್ರದ ಹುಣಸೆ ಹಣ್ಣು ನೆನೆಸಿ, ಕಲ್ಲುಪ್ಪು ಸೇರಿಸಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದೆ. ಬಟ್ಟಲಿನ ನೀರು ಮೊದಲು ಕಂದಾಯಿತು, ಆಮೇಲೆ ಹಸಿರಾಯಿತು. ಹತ್ತು ನಿಮಿಷಕ್ಕೆ ಒಳಗಿನ ಕೆಂಪು ಲೋಹ ಹೊಳೆಯಿತು. ಕೊಳೆ ಹೋಯಿತು ಅಂತ ಸಂತೋಷಪಟ್ಟೆ. ಒರೆಸಿ ಬೆಳಕಿಗೆ ಹಿಡಿದಾಗ ಮುಖ ಇರಲಿಲ್ಲ. ಮೂಗಿನ ಜಾಗದಲ್ಲಿ ಒಂದು ಉಬ್ಬು, ಅಷ್ಟೇ. ಕಣ್ಣು, ತುಟಿ, ಕೂದಲು ಎಲ್ಲ ಸವೆದ ನಾಣ್ಯದ ಹಾಗೆ ಬೋಳಾಗಿತ್ತು.

ಆಮೇಲೆ ತಿಳಿದಿದ್ದು ಇದು. ಹಳೆಯ ಕಂಚಿನ ಮೇಲಿನ ಆ ಹಸಿರು ಕೊಳೆ ಅಲ್ಲ. ಅದು ಲೋಹವೇ ಮಣ್ಣಿನ ಜೊತೆ ಸೇರಿ ನಿಧಾನವಾಗಿ ಬದಲಾದ ಪದರ, ಪಟಿನಾ ಅಂತಾರೆ. ಶಿಲ್ಪಿ ಉಳಿಯಿಂದ ತಿದ್ದಿದ ಮೇಲ್ಮೈ ಬಹಳ ಸಲ ಆ ಪದರದಲ್ಲೇ ಉಳಿದಿರುತ್ತದೆ, ಕೆಳಗಿನ ಲೋಹದಲ್ಲಿ ಅಲ್ಲ. ಹುಣಸೆಯ ಹುಳಿ ಅದನ್ನೇ ಕರಗಿಸುತ್ತದೆ. ಅಂದರೆ ನಾನು ಉಜ್ಜಿ ಚರಂಡಿಗೆ ಬಿಟ್ಟಿದ್ದು ವಿಗ್ರಹದ ಮುಖವನ್ನೇ.

ಉಪ್ಪಿನದ್ದು ಇನ್ನೊಂದು ಕಥೆ. ಮೂರು ವಾರ ಹಾಲ್‌ನ ಶೋಕೇಸಿನಲ್ಲಿಟ್ಟಿದ್ದೆ. ಒಂದು ದಿನ ನೋಡಿದರೆ ಮಂಡಿಯ ಹತ್ತಿರ ಎಳೆ ಹಸಿರು ಚುಕ್ಕೆಗಳು. ಮುಟ್ಟಿದರೆ ಹಿಟ್ಟಿನ ಹಾಗೆ ಉದುರುತ್ತಿತ್ತು. ಇದಕ್ಕೆ ಇಲ್ಲಿ ಕಂಚಿನ ರೋಗ ಅನ್ನುತ್ತಾರೆ. ಉಪ್ಪಿನ ಕ್ಲೋರೈಡ್ ತಾಮ್ರದ ಜೊತೆ ಸೇರಿ, ಗಾಳಿಯ ತೇವ ಸಿಕ್ಕರೆ ಆಮ್ಲ ಹುಟ್ಟಿಸುತ್ತದೆ. ಆ ಆಮ್ಲ ಇನ್ನಷ್ಟು ತಾಮ್ರವನ್ನು ತಿನ್ನುತ್ತದೆ. ತಾನಾಗಿ ನಿಲ್ಲುವುದಿಲ್ಲ. ಮಣ್ಣಿನಲ್ಲೂ ಕ್ಲೋರೈಡ್ ಇರುತ್ತದೆ ನಿಜ, ಆದರೆ ನಾನು ಕೈಯಾರೆ ಉಪ್ಪು ಹಾಕಿ ತಿಕ್ಕಿದ್ದೆ.

ಆಗ ಗಾಬರಿಯಾಗಿ ಫೈಂಡ್ಸ್ ಲಿಯೆಜಾನ್ ಆಫೀಸರ್ ಹತ್ತಿರ ಹೋದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಅಂತ ಇದೆ, 1997ರಲ್ಲಿ ಶುರುವಾಗಿದ್ದು. ಅದರ ಈ ಅಧಿಕಾರಿಗಳು ಜನಸಾಮಾನ್ಯರಿಗೆ ಸಿಕ್ಕ ಹಳೆಯ ವಸ್ತುಗಳನ್ನು ನೋಡಿ, ಗುರುತಿಸಿ, ದಾಖಲು ಮಾಡುತ್ತಾರೆ. ದುಡ್ಡು ಕೇಳುವುದಿಲ್ಲ. ನಾನು ಮೊದಲ ದಿನವೇ ಹೋಗಬೇಕಿದ್ದ ಜಾಗ.

ಆಕೆ ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ರೆಕ್ಕೆಯ ಟೋಪಿ, ಹಣದ ಚೀಲ ನೋಡಿ ಇದು ಮರ್ಕ್ಯುರಿ ಅಂದರು. ರೋಮನ್ನರ ಕಾಲದಲ್ಲಿ ವ್ಯಾಪಾರಿಗಳಿಗೆ, ದಾರಿಹೋಕರಿಗೆ ಬೇಕಾದ ದೇವರು. ಪಕ್ಕದ ಗ್ಲಾಸ್ಟರ್‌ಶೈರ್‌ನ ಊಲಿಯಲ್ಲಿ ಅವನದೇ ಒಂದು ಗುಡಿ ಇತ್ತು. 1970ರ ದಶಕದಲ್ಲಿ ಅದನ್ನು ಅಗೆದಾಗ ಸೀಸದ ತಗಡಿನ ಮೇಲೆ ಬರೆದ ಶಾಪಗಳು ರಾಶಿ ಸಿಕ್ಕಿದವು: ನನ್ನ ವಸ್ತು ಕದ್ದವನನ್ನು ನೀನೇ ನೋಡಿಕೋ ಅಂತ ದೇವರಿಗೆ ಸಲ್ಲಿಸಿದ ಮೊರೆ. ನಮ್ಮಲ್ಲಿ ದೇವರ ಮುಂದೆ ದೂರು ಇಡುವವರ ನೆನಪಾಯಿತು. ನನ್ನ ಕೈಯಲ್ಲಿದ್ದವನೂ ಯಾರದೋ ಮನೆಯ ದೇವರ ಗೂಡಿನಲ್ಲಿದ್ದನೋ, ಹರಕೆಗೆ ಬಂದವನೋ. ಅದನ್ನು ಹೇಳಬಹುದಾಗಿದ್ದ ಸಿಕ್ಕ ಜಾಗದ ವಿವರವೇ ನನ್ನ ಹತ್ತಿರ ಇರಲಿಲ್ಲ.

ಯಾವ ಕಾಲದ್ದು ಅಂತ ಕೇಳಿದೆ. ಕಾರ್ಬನ್ ಡೇಟಿಂಗ್ ಮಾಡಿಸಬಹುದಲ್ವಾ ಅಂತಲೂ ಕೇಳಿದೆ. ಬರೀ ಲೋಹಕ್ಕೆ ಅದು ಆಗುವುದಿಲ್ಲ, ಒಮ್ಮೆ ಜೀವ ಇದ್ದ ವಸ್ತುವಿಗೆ ಮಾತ್ರ. ಇಂಥ ವಿಗ್ರಹದ ಕಾಲ ಹೇಳುವುದು ಕೆತ್ತನೆಯ ಶೈಲಿ, ಉಳಿಯ ಗುರುತು, ಪಟಿನಾ, ಲೋಹದ ಬೆರಕೆ, ಜೊತೆಗೆ ಸಿಕ್ಕ ವಸ್ತುಗಳು. ಶೈಲಿ ನೋಡಲು ಮುಖವಿಲ್ಲ. ಲೋಹ ಅಳೆಯುವ ಎಕ್ಸ್‌ರೇ ಸಾಧನ ಮೇಲ್ಮೈಯನ್ನು ಮಾತ್ರ ಓದುತ್ತದೆ, ಆ ಮೇಲ್ಮೈಯನ್ನು ಹುಳಿ ಕೆಡಿಸಿದೆ. ಇನ್ನೊಂದು ತೊಡಕೂ ಇದೆ. 18, 19ನೇ ಶತಮಾನದಲ್ಲಿ ಯುರೋಪಿನಲ್ಲಿ ರೋಮನ್ ದೇವರ ಪುಟ್ಟ ನಕಲುಗಳನ್ನು ಜಾಸ್ತಿ ಮಾಡಿ ಮಾರಿದ್ದಾರೆ. ಅಸಲು ಯಾವುದು, ನಕಲು ಯಾವುದು ಅಂತ ಹೇಳಲು ಪಟಿನಾ ದೊಡ್ಡ ಸಾಕ್ಷಿ. ಕೊನೆಗೆ ದಾಖಲೆಯಲ್ಲಿ 'ಬಹುಶಃ ರೋಮನ್' ಅಂತ ಬರೆದರು. ಆ 'ಬಹುಶಃ' ನಾನು ತಂದಿಟ್ಟಿದ್ದು. ನಾನು ಕಳಿಸಿದ ವಿಡಿಯೋ ಕಾಲ್‌ನ ಮಸುಕು ಸ್ಕ್ರೀನ್‌ಶಾಟ್ ಒಂದೇ ಈಗ ಅವನ ಮುಖಕ್ಕೆ ಉಳಿದ ಆಧಾರ.

ಹಾಗಾಗಿ ನಿಮಗೆ ಹೇಳುವುದು: ಹಸಿರು ಬಣ್ಣದ್ದು ಏನೇ ಸಿಕ್ಕರೂ ತೊಳೆಯಬೇಡಿ. ಹುಣಸೆ, ನಿಂಬೆ, ವಿನೆಗರ್, ಪೀತಾಂಬರಿ ಯಾವುದೂ ಬೇಡ. ಎಣ್ಣೆಯಲ್ಲಿ ನೆನೆಸಿಡಿ ಅಂತ ಹೇಳುವವರೂ ಇದ್ದಾರೆ, ಅದೂ ಬೇಡ. ಅಂಟಿದ ಮಣ್ಣು ಹಾಗೇ ಇರಲಿ. ಗುಂಡಿಯಲ್ಲಿ ಇರುವಾಗಲೇ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಫೋನಿನಲ್ಲಿ ಗ್ರಿಡ್ ನಂಬರ್, ಅಂದರೆ ನಕ್ಷೆಯಲ್ಲಿ ಆ ಜಾಗ ಗುರುತಿಸುವ ಅಂಕಿ, ನೋಡಿ ಅಲ್ಲೇ ಬರೆದುಕೊಳ್ಳಿ. ಎಂಟು ಅಂಕಿ ಇದ್ದರೆ ಹತ್ತು ಮೀಟರಿನೊಳಗೆ ಜಾಗ ಸಿಗುತ್ತದೆ, ಹತ್ತು ಅಂಕಿ ಇದ್ದರೆ ಒಂದು ಮೀಟರ್. ಆಮೇಲೆ ಮನೆಯಲ್ಲಿ ತೇವ ಇಲ್ಲದ ಕಡೆ ಇಟ್ಟು ಅಧಿಕಾರಿಗೆ ಫೋನ್ ಮಾಡಿ.

ಕಾನೂನೂ ತಿಳಿದಿರಲಿ. ಒಂಟಿ ಕಂಚಿನ ವಿಗ್ರಹ ಮೊದಲು ಇಲ್ಲಿನ ನಿಧಿ ಕಾನೂನಾದ ಟ್ರೆಷರ್ ಆ್ಯಕ್ಟಿಗೆ ಬರುತ್ತಿರಲಿಲ್ಲ. 2010ರಲ್ಲಿ ಕಂಬ್ರಿಯಾದಲ್ಲಿ ಸಿಕ್ಕ ಕ್ರಾಸ್ಬಿ ಗ್ಯಾರೆಟ್ ಶಿರಸ್ತ್ರಾಣ, ರೋಮನ್ನರ ಕಾಲದ ಕಂಚಿನದು, ಅದೇ ಕಾರಣಕ್ಕೆ ಹರಾಜಿಗೆ ಹೋಗಿ 20 ಲಕ್ಷ ಪೌಂಡಿಗೂ ಜಾಸ್ತಿಗೆ ಮಾರಾಟವಾಯಿತು. 2023ರ ಜುಲೈನಿಂದ ನಿಯಮ ಬದಲಾಗಿದೆ. 200 ವರ್ಷಕ್ಕಿಂತ ಹಳೆಯದಾಗಿ, ತುಂಬಾ ಮಹತ್ವದ್ದಾಗಿದ್ದರೆ ಕಂಚೂ ಟ್ರೆಷರ್ ಆಗಬಹುದು. ಹಾಗನಿಸಿದರೆ 14 ದಿನದೊಳಗೆ ತಿಳಿಸಬೇಕು. ನಾನು ಶೋಕೇಸಿನಲ್ಲೇ ಮೂರು ವಾರ ಇಟ್ಟುಕೊಂಡಿದ್ದೆ.

ಇದನ್ನು ಕೇಳಿ ಊರಿಂದ ನಮ್ಮ ಭಾವ, 'ಇಲ್ಲೂ ಒಂದು ಮೆಷಿನ್ ತಗೊಂಡು ತೋಟದಲ್ಲಿ ನೋಡಲಾ?' ಅಂದರು. ಬೇಡ ಭಾವ ಅಂದೆ. ನಿಧಿ ಆಸೆಗೆ ನಮ್ಮಲ್ಲಿ ಎಷ್ಟು ನಂದಿ, ಎಷ್ಟು ವೀರಗಲ್ಲು ಕಿತ್ತು ಹಾಕಿದ್ದಾರೆ ಅಂತ ಎಲ್ಲರಿಗೂ ಗೊತ್ತು. ಬಾವಿ ತೋಡುವಾಗಲೋ ಪಾಯ ತೆಗೆಯುವಾಗಲೋ ತಾನಾಗಿ ವಿಗ್ರಹ ಸಿಕ್ಕರೆ ತೊಳೆಯಬೇಡಿ, ಮಾರಬೇಡಿ. ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ತಿಳಿಸಿ. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಅನ್ನುವ ಕಾನೂನು 1878ರಿಂದಲೇ ಇದೆ.

ಈಗಾಗಲೇ ಉಜ್ಜಿಬಿಟ್ಟಿದ್ದೀರಾ? ಮುಚ್ಚಿಡಬೇಡಿ. ನನಗೂ ಹೇಳಲು ನಾಚಿಕೆಯಾಗಿತ್ತು. ಹುಣಸೆ ಹಣ್ಣು, ಕಲ್ಲುಪ್ಪು, ಹತ್ತು ನಿಮಿಷ ಅಂತ ಹೇಳಿದಾಗ ಆಕೆ ಬೈಯಲಿಲ್ಲ. ಏನು ಬಳಸಿದೆ ಅಂತ ಗೊತ್ತಾದರೆ ರೋಗ ತಡೆಯೋಕೆ ಅನುಕೂಲ ಅಂದರು. ಈಗ ಅವನು ತೇವ ಹೀರುವ ಸಿಲಿಕಾ ಜೆಲ್ ತುಂಬಿದ ಗಾಳಿಯಾಡದ ಡಬ್ಬಿಯಲ್ಲಿದ್ದಾನೆ. ಮುಚ್ಚಳ ತೆಗೆಯದೆ ವಾರಕ್ಕೊಮ್ಮೆ ಮಂಡಿಯ ಹತ್ತಿರ ನೋಡುತ್ತೇನೆ. ಹೊಸ ಚುಕ್ಕೆ ಇನ್ನೂ ಬಂದಿಲ್ಲ.