ಹಳೆಯ ಫೈಲಿಗೆ ಸರಿಯಾದ ದಿನಾಂಕ: ಕೊಡಗಿನ ತೋಟದ ಮನೆಯಲ್ಲಿ ‘ಟಚ್’ ಕಮಾಂಡ್ ಬಳಸಿ ನೋಡಿದಾಗ

ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುವ ರೂಢಿ ಬಹಳ ಹಳೆಯದು. ಬೆಳಿಗ್ಗೆ ಮಳೆಮಾಪಕ ನೋಡಿ, ಬಿದ್ದ ಮಳೆಯನ್ನು ಇಂಚು ಮತ್ತು ಸೆಂಟಿನ (ಇಂಚಿನ ನೂರನೆಯ ಒಂದು ಪಾಲು) ಲೆಕ್ಕದಲ್ಲಿ ಪುಸ್ತಕಕ್ಕೆ ಏರಿಸಿದ ಹಿರಿಯರ ಕೈಬರಹ ಈಗಲೂ ಅನೇಕ ಮನೆಗಳ ಬೀರುವಿನಲ್ಲಿದೆ. ಕಾಫಿ ಹೂ ಅರಳಿಸುವ ಹೂಮಳೆ ಯಾವ ವಾರ ಬಂತು, ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ತಡವಾಯಿತು ಎಂಬುದನ್ನು ವರ್ಷದಿಂದ ವರ್ಷಕ್ಕೆ ಹೋಲಿಸಲು ಇದಕ್ಕಿಂತ ನಂಬಿಕೆಯ ದಾಖಲೆ ಬೆಳೆಗಾರರ ಬಳಿ ಇನ್ನೊಂದಿಲ್ಲ. ಆ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯ ಕೆಲಸವೇ. ಆದರೆ 1962ರ ಜುಲೈ ಪುಟಕ್ಕೂ 1994ರ ಜುಲೈ ಪುಟಕ್ಕೂ ಕಂಪ್ಯೂಟರ್ ಸ್ಕ್ಯಾನ್ ಮಾಡಿದ ದಿನದ ದಿನಾಂಕವನ್ನೇ ಹಚ್ಚುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಜನರು ತೆಗೆದ ಫೋಟೊಗಳದ್ದೂ ಇದೇ ಪಾಡು. ಮೊಬೈಲಿನಿಂದ ಮೊಬೈಲಿಗೆ, ಅಲ್ಲಿಂದ ಪೆನ್‌ಡ್ರೈವಿಗೆ ದಾಟಿ ಬರುವಷ್ಟರಲ್ಲಿ ಅವುಗಳ ನಿಜವಾದ ದಿನಾಂಕ ಎಷ್ಟೋ ಸಲ ಅಳಿಸಿಹೋಗಿರುತ್ತದೆ. ಈ ತೊಡಕಿಗೆ ನಾನು ಆರಿಸಿಕೊಂಡ ಸಾಧನ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಮೊದಲೇ ಇರುವ ‘ಟಚ್’ (touch) ಎಂಬ ಕಮಾಂಡ್, ಅಂದರೆ ಟೈಪ್ ಮಾಡಿ ಕೊಡುವ ಆಜ್ಞೆ. ಅದು ಎಷ್ಟರಮಟ್ಟಿಗೆ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಟಚ್ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ವ್ಯವಸ್ಥೆಯ 1979ರ ಏಳನೆಯ ಆವೃತ್ತಿಯಲ್ಲಿ ಮೊದಲು ಕಾಣಿಸಿಕೊಂಡ ಕಮಾಂಡ್. ನಾನು ಬಳಸಿದ್ದು ಗ್ನೂ ಕೋರ್‌ಯುಟಿಲ್ಸ್ ಎಂಬ ಸಾಧನಗಳ ಕಟ್ಟಿನಲ್ಲಿ ಬರುವ ರೂಪವನ್ನು. ಇದಕ್ಕೆ ಹಣ ಕೊಡಬೇಕಿಲ್ಲ, ಇಂಟರ್‌ನೆಟ್ ಸಂಪರ್ಕವೂ ಬೇಡ. ಮಳೆಗಾಲದಲ್ಲಿ ನೆಟ್‌ವರ್ಕ್ ದಿನಗಟ್ಟಲೆ ಕಾಣೆಯಾಗುವ ಊರುಗಳಿಗೆ ಇದು ಸಣ್ಣ ಅನುಕೂಲವಲ್ಲ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿಯಲ್ಲಿ) ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು.

ಹೊಸ ಫೈಲ್ ಸೃಷ್ಟಿಸುವುದು ಬಲು ಸುಲಭ: ಟಚ್ ಎಂದು ಬರೆದು ಒಂದು ಹೆಸರು ಕೊಟ್ಟರೆ ಆ ಹೆಸರಿನ ಖಾಲಿ ಫೈಲ್ ಸಿದ್ಧವಾಗುತ್ತದೆ. ಆ ಹೆಸರಿನ ಫೈಲ್ ಮೊದಲೇ ಇದ್ದರೆ ಅದರೊಳಗಿನ ಒಂದಕ್ಷರವೂ ಬದಲಾಗದೆ ವೇಳೆ ಮಾತ್ರ ಈ ಕ್ಷಣಕ್ಕೆ ಬರುತ್ತದೆ. ಈ ಗುಣ ನನಗೆ ಬಹಳ ಮುಖ್ಯವೆನಿಸಿತು, ಏಕೆಂದರೆ ಖಾಲಿ ಫೈಲ್ ಮಾಡಲು ಕೆಲವರು ಬಳಸುವ ಬಾಣದ ಚಿಹ್ನೆ (>) ಮೊದಲೇ ಇರುವ ಫೈಲನ್ನು ಪೂರ್ತಿ ಬರಿದು ಮಾಡಿಬಿಡುತ್ತದೆ. ಫೈಲಿನ ಹೆಸರು ಕನ್ನಡದಲ್ಲಿದ್ದರೂ ಅಡ್ಡಿಯಿಲ್ಲ. ‘ಮಳೆ-ಲೆಕ್ಕ-1962’ ಎಂಬ ಹೆಸರನ್ನು ಟಚ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವಿಧಾನದಲ್ಲಿ) ಹೆಸರಿಗೆ 255 ಬೈಟ್‌ಗಳ ಮಿತಿಯಿದೆ. ಕನ್ನಡದ ಪ್ರತಿ ಅಕ್ಷರಚಿಹ್ನೆಯೂ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಮೂರು ಬೈಟ್ ತಿನ್ನುವುದರಿಂದ, ಕಾಗುಣಿತ ಮತ್ತು ಒತ್ತಕ್ಷರಗಳ ಚಿಹ್ನೆಗಳೂ ಸೇರಿ 85ರಷ್ಟಕ್ಕೆ ಹೆಸರನ್ನು ಮುಗಿಸಬೇಕಾಗುತ್ತದೆ. ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು. ಇಲ್ಲವಾದರೆ ಒಂದು ಹೆಸರು ಎರಡು ಫೈಲುಗಳಾಗಿ ಒಡೆಯುತ್ತದೆ.

ಟಚ್‌ನ ನಿಜವಾದ ಬೆಲೆ ತಿಳಿಯುವುದು ದಿನಾಂಕ ತಿದ್ದುವಾಗ. ಡಿ ಎಂಬ ಆಯ್ಕೆಯೊಂದಿಗೆ (ಆಯ್ಕೆ ಎಂದರೆ ಕಮಾಂಡಿನ ಜೊತೆ ಅಡ್ಡಗೆರೆ ಹಾಕಿ ಬರೆಯುವ ಅಕ್ಷರ) ‘ಟಚ್ -ಡಿ "2018-08-16 09:40" ಗುಡ್ಡ.ಜೆಪಿಜಿ’ ಎಂದು ಕೊಟ್ಟರೆ ಆ ಫೋಟೊದ ದಿನಾಂಕ 2018ರ ಆಗಸ್ಟ್ 16, ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ಹೋಗಿ ನಿಲ್ಲುತ್ತದೆ. ವೇಳೆ ಕೊಡದೆ ದಿನವನ್ನಷ್ಟೇ ಕೊಟ್ಟರೆ ಮಧ್ಯರಾತ್ರಿ ಎಂದು ತಿಳಿಯುತ್ತದೆ. ‘ನಿನ್ನೆ’, ‘ಎರಡು ದಿನದ ಹಿಂದೆ’ ಎಂಬರ್ಥದ ಇಂಗ್ಲಿಷ್ ಪದಗಳೂ ಅದಕ್ಕೆ ಅರ್ಥವಾಗುತ್ತವೆ. ಆದರೆ ನಾವು ಬರೆಯುವ ಕ್ರಮ ಮಾತ್ರ ಅದಕ್ಕೆ ಹಿಡಿಸದು. ಮಾರ್ಚ್ 4 ಎಂಬುದನ್ನು ನಮ್ಮ ರೂಢಿಯಂತೆ ‘04/03/2024’ ಎಂದು ಕೊಟ್ಟರೆ ಟಚ್ ಅದನ್ನು ಅಮೆರಿಕದ ಕ್ರಮದಲ್ಲಿ ಓದಿ ಏಪ್ರಿಲ್ 3 ಎಂದು ಹಾಕುತ್ತದೆ, ಮತ್ತು ಆ ಬಗ್ಗೆ ಒಂದು ಮಾತನ್ನೂ ಹೇಳುವುದಿಲ್ಲ. ದಿನದ ಸಂಖ್ಯೆ 12ನ್ನು ಮೀರಿದಾಗಷ್ಟೇ ಅದು ದಿನಾಂಕವೇ ತಪ್ಪೆಂದು ತಿರಸ್ಕರಿಸುತ್ತದೆ. ಹೂಮಳೆಯ ದಿನಗಳನ್ನು ಹೋಲಿಸಲು ಹೊರಟವರಿಗೆ ಮಾರ್ಚ್ ಮತ್ತು ಏಪ್ರಿಲ್ ಅದಲುಬದಲಾದರೆ ಇಡೀ ಲೆಕ್ಕವೇ ಕೆಟ್ಟಂತೆ. ಆದ್ದರಿಂದ ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು ಬಿಟ್ಟು ಬೇರೆ ಯಾವುದನ್ನೂ ಬಳಸಬಾರದು ಎಂದು ಒತ್ತಿ ಹೇಳುತ್ತೇನೆ.

ಟಿ ಆಯ್ಕೆಯಲ್ಲಿ ಅಂಕಿಗಳನ್ನು ಅಂತರವಿಲ್ಲದೆ ‘201808160940’ ಎಂದು ಕೊಡಬೇಕು. ಇದರಲ್ಲಿ ಅಮೆರಿಕದ ಕ್ರಮದ ಗೊಂದಲವಿಲ್ಲ, ಆದರೆ ಹಳೆಯ ದಾಖಲೆ ಇಟ್ಟವರು ಎಚ್ಚರ ವಹಿಸಬೇಕಾದ ಬೇರೊಂದು ಹೊಂಡವಿದೆ. ವರ್ಷವನ್ನು ಎರಡೇ ಅಂಕಿಯಲ್ಲಿ ಕೊಟ್ಟಾಗ 69ರಿಂದ 99ರವರೆಗಿನವು 1900ರ ಶತಮಾನಕ್ಕೂ, 00ರಿಂದ 68ರವರೆಗಿನವು 2000ದ ಶತಮಾನಕ್ಕೂ ಸೇರುತ್ತವೆ. 1962ರ ಪುಟಕ್ಕೆ 62 ಎಂದು ಕೊಟ್ಟರೆ ಅದು 2062ಕ್ಕೆ ಹೋಗಿ ಕೂರುತ್ತದೆ. ನಾಲ್ಕು ಅಂಕಿಯ ವರ್ಷ ಕೊಟ್ಟರೆ ಈ ಭಯವಿಲ್ಲ. ಯುನಿಕ್ಸ್‌ನ ಗಡಿಯಾರ 1970ರ ಜನವರಿ 1ರಿಂದ ಎಣಿಸುತ್ತದೆಯಾದರೂ ಅದಕ್ಕಿಂತ ಹಿಂದಿನ ದಿನಾಂಕಗಳನ್ನು ಋಣಸಂಖ್ಯೆಯಾಗಿ ಇಟ್ಟುಕೊಳ್ಳಬಲ್ಲದು. ಇಎಕ್ಸ್‌ಟಿ4ರಲ್ಲಿ 1901ರ ಕೊನೆಯವರೆಗೂ ಹಿಂದೆ ಹೋಗಬಹುದು, ಹಾಗಾಗಿ ಅಜ್ಜನ ಕಾಲದ ಪುಸ್ತಕಗಳಿಗೂ ಜಾಗವುಂಟು.

ನನಗೆ ಬಹಳ ಮೆಚ್ಚುಗೆಯಾದದ್ದು ಆರ್ ಆಯ್ಕೆ. ಒಂದು ಫೈಲಿನ ವೇಳೆಯನ್ನು ಇನ್ನೊಂದಕ್ಕೆ ಹಾಗೆಯೇ ಎತ್ತಿ ಕೊಡುವುದು ಇದರ ಕೆಲಸ. ಸ್ಕ್ಯಾನ್ ಮಾಡಿದ ಪುಟದ ಅಂಚು ಕತ್ತರಿಸಿ ಬೇರೆ ಹೆಸರಿನಲ್ಲಿ ಉಳಿಸಿದಾಗ, ಮೂಲದ ದಿನಾಂಕವನ್ನು ಹೊಸದಕ್ಕೂ ಒಂದೇ ಸಾಲಿನಲ್ಲಿ ದಾಟಿಸಬಹುದು. ಆರ್ ಮತ್ತು ಡಿ ಎರಡನ್ನೂ ಒಟ್ಟಿಗೆ ಬಳಸಿದರೆ ಇನ್ನಷ್ಟು ಉಪಯೋಗವಿದೆ: ಕ್ಯಾಮೆರಾದ ಗಡಿಯಾರ ಎರಡೂವರೆ ಗಂಟೆ ಮುಂದಿತ್ತು ಎಂದುಕೊಳ್ಳೋಣ, ಆಗ ಫೋಟೊದ ಹೆಸರನ್ನೇ ಆರ್‌ಗೆ ಕೊಟ್ಟು, ಡಿ ಆಯ್ಕೆಯಲ್ಲಿ ‘-150 ಮಿನಿಟ್ಸ್’ ಎಂದರೆ ಅದರ ಈಗಿನ ವೇಳೆಯಿಂದ ಅಷ್ಟೇ ಹಿಂದಕ್ಕೆ ಸರಿಯುತ್ತದೆ. ಒಂದು ಸಲಕ್ಕೆ ಒಂದೇ ಫೈಲನ್ನು ಆಧಾರವಾಗಿ ಕೊಡಲು ಸಾಧ್ಯವಿರುವುದರಿಂದ ನೂರಾರು ಫೋಟೊಗಳಿಗೆ ಶೆಲ್‌ನಲ್ಲಿ (ಕಮಾಂಡ್‌ಗಳನ್ನು ನಡೆಸುವ ಪ್ರೋಗ್ರಾಂನಲ್ಲಿ) ಒಂದು ಪುಟ್ಟ ಲೂಪ್, ಅಂದರೆ ಒಂದೇ ಕೆಲಸವನ್ನು ಪ್ರತಿ ಫೈಲಿಗೂ ಮರಳಿ ಮಾಡಿಸುವ ಸಾಲುಗಳನ್ನು ಬರೆಯುವುದು ಅನಿವಾರ್ಯ. ಫೋಟೊದ ಒಳಗೇ ಅಡಗಿರುವ ಎಕ್ಸಿಫ್ ದಿನಾಂಕವನ್ನು ಟಚ್ ಮುಟ್ಟುವುದಿಲ್ಲ. ಅದಕ್ಕೆ ಎಕ್ಸಿಫ್‌ಟೂಲ್‌ನಂಥ ಬೇರೆ ಸಾಧನ ಬೇಕು.

ಟಚ್‌ನ ದೊಡ್ಡ ಕೊರತೆ ಅದರ ಮೌನ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ‘ಅಂಥ ಫೈಲ್ ಇಲ್ಲ’ ಎಂದು ಹೇಳುವ ಬದಲು ಆ ತಪ್ಪು ಹೆಸರಿನಲ್ಲೇ ಹೊಸ ಖಾಲಿ ಫೈಲ್ ಮಾಡಿ, ಅದಕ್ಕೆ ನಾವು ಕೊಟ್ಟ ಹಳೆಯ ದಿನಾಂಕವನ್ನೂ ಹಾಕಿಬಿಡುತ್ತದೆ. ಸಿ ಆಯ್ಕೆ ಕೊಟ್ಟರೆ ಹೊಸ ಫೈಲ್ ಆಗುವುದಿಲ್ಲವಾದರೂ ಹುಡುಕಿದ ಫೈಲ್ ಸಿಗಲಿಲ್ಲ ಎಂದು ಆಗಲೂ ತಿಳಿಸುವುದಿಲ್ಲ. ಮಾಡಿದ್ದನ್ನು ಹಿಂತೆಗೆದುಕೊಳ್ಳುವ ದಾರಿಯೂ ಇಲ್ಲ. ಆದ್ದರಿಂದ ಪ್ರತಿ ಸಲವೂ ಫೈಲಿನ ವಿವರ ತೋರಿಸುವ ‘ಸ್ಟ್ಯಾಟ್’ ಕಮಾಂಡಿನಿಂದ ಪರೀಕ್ಷಿಸಬೇಕು. ಫೈಲುಗಳ ಪಟ್ಟಿ ಕೊಡುವ ‘ಎಲ್‌ಎಸ್ -ಎಲ್’ ಇದಕ್ಕೆ ಸಾಲದು, ಏಕೆಂದರೆ ಸುಮಾರು ಆರು ತಿಂಗಳಿಗಿಂತ ಹಳೆಯ ಫೈಲುಗಳಿಗೆ ಅದು ಗಂಟೆ-ನಿಮಿಷದ ಬದಲು ವರ್ಷವನ್ನು ತೋರಿಸುತ್ತದೆ.

ಸ್ಟ್ಯಾಟ್ ತೋರಿಸುವ ಸಾಲುಗಳನ್ನು ಗಮನವಿಟ್ಟು ಓದಿದರೆ ಇನ್ನೊಂದು ವಿಷಯ ತಿಳಿಯುತ್ತದೆ. ಫೈಲನ್ನು ಕೊನೆಯ ಸಲ ಓದಿದ ವೇಳೆ ಮತ್ತು ಒಳಗಿನ ಬರಹ ಬದಲಾದ ವೇಳೆ, ಈ ಎರಡನ್ನು ಮಾತ್ರ ಟಚ್ ತಿದ್ದಬಲ್ಲದು. ಎ ಮತ್ತು ಎಮ್ ಆಯ್ಕೆಗಳಿಂದ ಒಂದೊಂದನ್ನೇ ತಿದ್ದಲೂ ಬರುತ್ತದೆ. ಫೈಲಿನ ವಿವರಗಳು ಬದಲಾದ ವೇಳೆ, ಅಂದರೆ ‘ಚೇಂಜ್’ ಎಂಬ ಸಾಲು, ಟಚ್ ಬಳಸಿದ ಆ ಗಳಿಗೆಯನ್ನೇ ದಾಖಲಿಸಿಕೊಳ್ಳುತ್ತದೆ. ಫೈಲ್ ಹುಟ್ಟಿದ ವೇಳೆ ಮಾತ್ರ ಬದಲಾಗದೆ ಉಳಿಯುತ್ತದೆ. ಇದು ಸರಿಯಾದ ವ್ಯವಸ್ಥೆ ಎಂದೇ ನನ್ನ ಅಭಿಪ್ರಾಯ. ಬೆಳೆ ಅಥವಾ ಮನೆ ಹಾನಿಯ ಪರಿಹಾರಕ್ಕೆ ಫೋಟೊ ಕೊಡುವವರು, ತಾವು ತಿದ್ದಿದ ಪ್ರತಿಯನ್ನು ಮೂಲ ದಾಖಲೆಯೆಂದು ಎಂದಿಗೂ ಒಪ್ಪಿಸಬಾರದು. ಮೂಲ ಫೈಲುಗಳನ್ನು ಬೇರೆ ಫೋಲ್ಡರಿನಲ್ಲಿ ಹಾಗೆಯೇ ಬಿಟ್ಟು, ಮನೆಯ ಸಂಗ್ರಹಕ್ಕೆಂದು ಮಾಡಿದ ಪ್ರತಿಗಳ ಮೇಲಷ್ಟೇ ಟಚ್ ಬಳಸುವುದು ಪ್ರಾಮಾಣಿಕ ಕ್ರಮ.

ಲಿನಕ್ಸ್ ಇಲ್ಲದವರ ವಿಷಯಕ್ಕೆ ಬಂದರೆ, ಮ್ಯಾಕ್‌ನಲ್ಲೂ ಟಚ್ ಇದೆ, ಆದರೆ ಅಲ್ಲಿ ಡಿ ಆಯ್ಕೆ ‘ನಿನ್ನೆ’ಯಂಥ ಮಾತುಗಳನ್ನು ಒಪ್ಪುವುದಿಲ್ಲ. ಆಂಡ್ರಾಯ್ಡ್ ಮೊಬೈಲಿನಲ್ಲಿ ಟರ್ಮಕ್ಸ್ ಆ್ಯಪ್ ಹಾಕಿಕೊಂಡರೆ ಸಿಗುತ್ತದೆ. ವಿಂಡೋಸ್‌ನಲ್ಲಿ ಈ ಕಮಾಂಡ್ ಮೊದಲೇ ಬರುವುದಿಲ್ಲ. ಅಲ್ಲಿನ ಕಮಾಂಡ್ ಸಾಧನವಾದ ಪವರ್‌ಶೆಲ್‌ನಲ್ಲಿ ಬೇರೆ ರೀತಿ ಬರೆದು ಇದೇ ಕೆಲಸ ಮಾಡಿಸಬಹುದು.

ತಿದ್ದಿದ ದಿನಾಂಕಗಳನ್ನು ಪೆನ್‌ಡ್ರೈವಿಗೆ ಹಾಕಿ ಮಡಿಕೇರಿಯಿಂದ ಬೆಂಗಳೂರಿನ ಮಕ್ಕಳಿಗೆ ಕಳುಹಿಸುವವರು ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ಬರೀ ‘ಸಿಪಿ’ ಕಮಾಂಡಿನಿಂದ ಪ್ರತಿ ಮಾಡಿದರೆ ಹೊಸ ಪ್ರತಿಗೆ ಈಗಿನ ದಿನಾಂಕ ಬಂದು, ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ. ಪಿ ಆಯ್ಕೆ ಸೇರಿಸಿದರೆ ದಿನಾಂಕ ಉಳಿಯುತ್ತದೆ. ಇನ್ನು ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ಎಂಬ ಫೈಲ್ ವ್ಯವಸ್ಥೆಯ ದಿನಾಂಕಗಳು 1980ರಿಂದಷ್ಟೇ ಆರಂಭವಾಗುವುದರಿಂದ, 1962ರ ಪುಟದ ದಿನಾಂಕ ಅದರಲ್ಲಿ ನಿಲ್ಲುವುದಿಲ್ಲ. ಅಂಥ ಹಳೆಯ ಪುಟಗಳನ್ನು ‘ಟಾರ್’ ಕಮಾಂಡಿನಿಂದ ಒಂದೇ ಕಟ್ಟಾಗಿ ಮಾಡಿ ಕಳುಹಿಸಿ, ಅಲ್ಲಿ ಇಎಕ್ಸ್‌ಟಿ4 ಇರುವ ಕಂಪ್ಯೂಟರಿನಲ್ಲಿ ಬಿಚ್ಚಿಕೊಳ್ಳಬೇಕು.